ಕೊಲೆಯ ಒಗಟೂ ಪ್ರಶ್ನಿಸುವ ವಿದ್ಯೆಯೂ

ಕೊಲೆಯಂಥ ಘೋರಕೃತ್ಯವನ್ನು ಆಟದ ವಸ್ತುವನ್ನಾಗಿ ಮಾಡಿಕೊಳ್ಳುವುದು ಸರಿಯೆ ಎಂಬ ಪ್ರಶ್ನೆಯನ್ನು ಹಿರಿಯರು ಆಗಾಗ ಎತ್ತುವುದುಂಟು. ಪತ್ತೇದಾರಿ ಕಾದಂಬರಿಗಳ ಕಾಲದಲ್ಲಿಯೂ ಈ ಆಕ್ಷೇಪಣೆ ಇದ್ದಿತು. ಗಣಕಯಂತ್ರದ ಆಟಗಳು ಬಂದ ಮೇಲೆ ಅದು ಮತ್ತಷ್ಟು ಬಲವಾಗಿದೆ. ಅದು ಕೇವಲ ನಿರಾಧಾರವಾದುದೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಚಾರವಂತರ ಲಕ್ಷಣವಲ್ಲ. ಕೊಲೆಯ ಒಗಟನ್ನೇ ವಸ್ತುವಾಗಿ ಉಳ್ಳ ಒಂದು ಆಟವು, ವಿಜ್ಞಾನದ ವಿದ್ಯಾರ್ಥಿಯು ಕಲಿಯಲೇಬೇಕಾದ ಒಂದು ವಿದ್ಯೆಯನ್ನು ಬಹು ಚೆನ್ನಾಗಿ ಕಲಿಸಬಲ್ಲುದೆಂದು ನಮ್ಮ ಅಭಿಪ್ರಾಯ. ಅದು ಪ್ರಶ್ನೆ ಕೇಳುವ ವಿದ್ಯೆ.

ಬರೆದ ಬೊಂಬೆಗಳಿಗೆ ಬದಲಾಗಿ ನಿಜವಾದ ನಟನಟಿಯರ ಅಭಿನಯವನ್ನು ಚಲನಚಿತ್ರದಂತೆ ಸೆರೆಹಿಡಿದು, ಆಡುವವನ ಆಯ್ಕೆಗೆ ತಕ್ಕಂತೆ ತೋರಿಸುವ ಆಟಗಳು 1990ರ ದಶಕದಲ್ಲಿ, ಸಿ.ಡಿ. ತಟ್ಟೆಗಳು ಬಳಕೆಗೆ ಬಂದಾಗ, ಹೇರಳವಾಗಿ ಹೊರಬಂದವು. ಅವುಗಳಲ್ಲಿ ಬಹುಪಾಲು ಬೇಗನೆ ಮರೆತುಹೋದವು. ಈ ಬಗೆಗೆ ಹೊಸ ಜೀವ ತಂದ ಆಟಗಳಲ್ಲಿ 2015ರಲ್ಲಿ ಪ್ರಕಟವಾದ 'ಹರ್ ಸ್ಟೋರಿ' ಮುಖ್ಯವಾದುದು. 'ಅವಳ ಕಥೆ' ಎಂದು ಇದರ ಅರ್ಥ. ಇದನ್ನು ರಚಿಸಿದವರು ಇಂಗ್ಲೆಂಡಿನ ಸ್ಯಾಮ್ ಬಾರ್ಲೋ. ಅಭಿನಯಿಸಿದ ನಟಿ ವಿವಾ ಸೀಫರ್ಟ್. 2016ರಲ್ಲಿ ಇದಕ್ಕೆ ಬ್ರಿಟಿಷ್ ಅಕಾಡೆಮಿಯ ಮೂರು ಬಹುಮಾನಗಳು ಸಂದವು.

ಆಟದ ಏರ್ಪಾಡು ತೀರ ಸರಳವಾದುದು. 1994ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಗೃಹಸ್ಥ ಕಾಣೆಯಾಗುತ್ತಾನೆ. ಆಮೇಲೆ ಅವನ ಕೊಲೆಯಾಗಿರುವುದು ತಿಳಿದುಬರುತ್ತದೆ. ಪೊಲೀಸರು ಅವನ ಹೆಂಡತಿಯನ್ನು ಏಳು ಬಾರಿ ವಿಚಾರಣೆಗೆ ಒಳಪಡಿಸುತ್ತಾರೆ. ಇದೆಲ್ಲ ಕಲ್ಪಿತ ಕಥೆ. ಆ ಏಳು ವಿಚಾರಣೆಗಳ ಚಿತ್ರಗಳನ್ನು 271 ಚಿಕ್ಕ ತುಣುಕುಗಳಾಗಿ ಕತ್ತರಿಸಿ ಹಳೆಯ ಗಣಕಯಂತ್ರವೊಂದರಲ್ಲಿ ಇಡಲಾಗಿದೆ. ಆಡುವವನು ಒಂದು ಪದವನ್ನು ಬರೆದರೆ, ಆ ಹೆಂಗಸು ಆ ಪದವನ್ನು ಉಚ್ಚರಿಸಿರುವ ತುಣುಕುಗಳು ದೊರೆಯುತ್ತವೆ. ಮೊದಲ ಪದವನ್ನು ಆಟವೇ ಬರೆದುಕೊಟ್ಟಿರುತ್ತದೆ: 'ಮರ್ಡರ್'. ಮುಂದಿನ ಪದಗಳೆಲ್ಲ ನಮ್ಮವು. ಕೊಲೆಯ ದೃಶ್ಯ ಎಲ್ಲಿಯೂ ಇಲ್ಲ. ಒಬ್ಬ ಹೆಂಗಸು ಕುಳಿತು ಮಾತನಾಡುವುದಲ್ಲದೆ ಮತ್ತೇನೂ ಕಾಣುವುದಿಲ್ಲ. ಪೊಲೀಸರ ಪ್ರಶ್ನೆಗಳು ಕೂಡ ಕೇಳಿಸುವುದಿಲ್ಲ. ಉತ್ತರವನ್ನು ನೋಡಿ, ಕೇಳಿದ ಪ್ರಶ್ನೆ ಯಾವುದಿದ್ದೀತೆಂದು ನಾವೇ ಊಹಿಸಿಕೊಳ್ಳಬೇಕು.

ಇದರಲ್ಲಿ ಒಂದು ಕಟ್ಟುಪಾಡು ಉಂಟು. ಒಂದು ಪದಕ್ಕೆ ಎಷ್ಟೇ ತುಣುಕುಗಳಿದ್ದರೂ ಯಂತ್ರವು ಕಾಲಕ್ರಮದಲ್ಲಿ ಮೊದಲ ಐದನ್ನು ಮಾತ್ರ ತೋರಿಸುತ್ತದೆ. ಗಂಡನ ಹೆಸರಿನಂತಹ ಸಾಮಾನ್ಯ ಪದವನ್ನು ಬರೆದರೆ, ವಿಚಾರಣೆಯ ಮೊದಲ ದಿನಗಳ ಮಾತುಗಳಷ್ಟೆ ಸಿಕ್ಕಿ, ಕೊನೆಯ ದಿನಗಳ ಮಾತುಗಳು ಹಿಂದೆ ಉಳಿದುಬಿಡುತ್ತವೆ. ಅವನ್ನು ಹೊರತೆಗೆಯಬೇಕಾದರೆ ಹೆಚ್ಚು ನಿರ್ದಿಷ್ಟವಾದ ಪದ ಬೇಕು; ಎಂದರೆ ಹೆಚ್ಚು ಹರಿತವಾದ ಪ್ರಶ್ನೆ ಬೇಕು. ಪ್ರಕೃತಿಯೊಡನೆ ವಿಜ್ಞಾನಿಯ ವ್ಯವಹಾರವೂ ಹೀಗೆಯೇ ಅಲ್ಲವೆ? ಮೊಂಡು ಪ್ರಶ್ನೆಗೆ ಪ್ರಕೃತಿ ಮೊಂಡು ಉತ್ತರವನ್ನೇ ಕೊಡುತ್ತದೆ.

ನಾವು ಈ ಆಟವನ್ನು ಟಿಪ್ಪಣಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಆಡಿದೆವು. ಮೊದಲ ಸಂಜೆಯೇ ನಮಗೊಂದು ಸಂದೇಹ ಹುಟ್ಟಿತು. ಅಲ್ಲಿಂದ ಮುಂದೆ ನಾವು ಬರೆದ ಪದಗಳೆಲ್ಲ ಆ ಸಂದೇಹಕ್ಕೆ ಸಂಬಂಧಪಟ್ಟವೇ ಆಗಿದ್ದವು. ಬಂದ ತುಣುಕುಗಳೂ ಅದನ್ನು ಪೋಷಿಸುವಂತೆಯೇ ತೋರಿದವು. ಎರಡು ಗಂಟೆಗಳಲ್ಲಿ ಒಗಟು ಬಿಡಿಸಿತೆಂದು ಹಿಗ್ಗಿದೆವು. ಮರುದಿನ ಸಂದೇಹಕ್ಕೆ ಸಂಬಂಧವಿಲ್ಲದ, ಮನೆಮಾತಿನ ಒಂದು ಪದವನ್ನು ಸುಮ್ಮನೆ ಬರೆದಾಗ ಬಂದ ತುಣುಕು ನಮ್ಮ ಸಿದ್ಧಾಂತವನ್ನು ಬುಡಮೇಲು ಮಾಡಿತು. ಆ ಪದ ಯಾವುದೆಂದು ಇಲ್ಲಿ ಹೇಳಿದರೆ ವಾಚಕರ ಸ್ವಾರಸ್ಯ ಕೆಡುತ್ತದೆ. ನಾವು ಸೋತದ್ದು ಸಾಕ್ಷ್ಯದ ಅಭಾವದಿಂದಲ್ಲ. ಆ ಸಾಕ್ಷ್ಯ ಯಂತ್ರದಲ್ಲಿಯೇ ಇದ್ದಿತು. ಅದನ್ನು ಹೊರಗೆಳೆಯುವ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ.

ಮನುಷ್ಯನ ಬುದ್ಧಿಯ ಈ ದೌರ್ಬಲ್ಯವನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. 1960ರಲ್ಲಿ ಲಂಡನ್ನಿನ ಪೀಟರ್ ವೇಸನ್ ಎಂಬುವರು ಕೆಲವು ವಿದ್ಯಾರ್ಥಿಗಳಿಗೆ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಇವು ಒಂದು ನಿಯಮಕ್ಕೆ ಒಳಪಟ್ಟಿವೆ, ನೀವೂ ಮೂರು ಮೂರು ಸಂಖ್ಯೆಗಳನ್ನು ಹೇಳಿ ಆ ನಿಯಮವನ್ನು ಕಂಡುಹಿಡಿಯಿರಿ ಎಂದರು. ಹೇಳಿದ ಸಂಖ್ಯೆಗಳು ನಿಯಮಕ್ಕೆ ಒಪ್ಪುತ್ತವೆಯೋ ಇಲ್ಲವೋ ಎಂಬುದನ್ನು ಪ್ರತಿಸಲವೂ ತಿಳಿಸುತ್ತಿದ್ದರು. 'ಎರಡೆರಡು ಹೆಚ್ಚುವ ಸಂಖ್ಯೆಗಳು' ಎಂದು ಊಹಿಸಿದವನು 8, 10, 12 ಎನ್ನುವನು. ಒಪ್ಪುತ್ತದೆ ಎಂಬ ಉತ್ತರ ಬರುವುದು. 20, 22, 24 ಎಂದರೂ ಅದೇ ಉತ್ತರ. ನಿಜವಾದ ನಿಯಮವಾದರೋ 'ಏರುತ್ತ ಹೋಗುವ ಯಾವುದೇ ಮೂರು ಸಂಖ್ಯೆಗಳು' ಎಂಬುದಷ್ಟೆ. 1, 7, 50 ಎಂದು ಒಮ್ಮೆ ಕೇಳಿದ್ದರೆ ಊಹೆಯ ತಪ್ಪು ಬಯಲಾಗುತ್ತಿತ್ತು. ತನ್ನ ಊಹೆಯನ್ನು ಕೆಡವಬಲ್ಲ ಪ್ರಶ್ನೆಯನ್ನು ಕೇಳಲು ಹೆಚ್ಚಿನವರಿಗೆ ತೋಚಲಿಲ್ಲ. ನಮಗೂ ಆಟದಲ್ಲಿ ಆದದ್ದು ಇದೇ.

ಇನ್ನೊಂದು ಮೋಸಕ್ಕೂ ನಾವು ಒಳಗಾದೆವು. ನಟಿಯ ಮುಖವನ್ನು ಹತ್ತಿರದಿಂದ ನೋಡುತ್ತಿರುವಾಗ, 'ಇಲ್ಲಿ ಕಣ್ಣು ತಗ್ಗಿಸಿದಳು, ಆದ್ದರಿಂದ ಸುಳ್ಳು' ಎಂದು ತೀರ್ಮಾನಿಸುವ ಆಸೆ ತಡೆಯಲಾರದಷ್ಟಿರುತ್ತದೆ. ಮುಖ ನೋಡಿ ಮನಸ್ಸನ್ನು ಓದಬಲ್ಲೆವೆಂದು ನಾವೆಲ್ಲರೂ ನಂಬಿದ್ದೇವೆ. 2006ರಲ್ಲಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲ ಡಿಪಾಲೊ ಎಂಬ ಅಮೆರಿಕದ ಸಂಶೋಧಕರು ಅದುವರೆಗೆ ನಡೆದ ಪ್ರಯೋಗಗಳನ್ನು ಕ್ರೋಡೀಕರಿಸಿದರು. ಅವುಗಳಲ್ಲಿ ಭಾಗವಹಿಸಿದ್ದ ಸುಮಾರು 24,000 ಜನರು, ವಿಶೇಷ ಸಾಧನಗಳ ನೆರವಿಲ್ಲದೆ ನಿಜವನ್ನೂ ಸುಳ್ಳನ್ನೂ ಬೇರ್ಪಡಿಸಿದ್ದು ಸರಾಸರಿ ನೂರಕ್ಕೆ 54ರಷ್ಟು ಮಾತ್ರ. ನಾಣ್ಯ ಚಿಮ್ಮಿ ಹೇಳಿದರೆ ನೂರಕ್ಕೆ 50 ಸರಿಯಾಗುತ್ತದೆ! ಆದ್ದರಿಂದ ಮುಖವನ್ನು ಬಿಟ್ಟು ಮಾತನ್ನು ಹಿಡಿಯಬೇಕು. ಇಂದಿನ ಮಾತನ್ನು ನಿನ್ನೆಯ ಮಾತಿನೊಡನೆ ಒರೆಗೆ ಹಚ್ಚಿ ನೋಡಬೇಕು.

ಆದರೆ ಮಾತನ್ನು ಮಾತಿನೊಡನೆ ಹೋಲಿಸಿದರಷ್ಟೆ ಸಾಲದು. ಈ ಆಟದ ದೊಡ್ಡ ಕೊರತೆ ಇಲ್ಲಿಯೇ ಇದೆ. ಅದರಲ್ಲಿ ಬೆರಳಚ್ಚನ್ನು ತೆಗೆಯುವಂತಿಲ್ಲ, ರಕ್ತವನ್ನು ಪರೀಕ್ಷಿಸುವಂತಿಲ್ಲ. ಇರುವುದೆಲ್ಲ ಠಾಣೆಯಲ್ಲಿ ಆಡಿದ ಮಾತು. ಜೀವನದಲ್ಲಿ ಮಾತನ್ನೇ ನಂಬಿ ತೀರ್ಪು ಕೊಡುವುದು ಎಷ್ಟು ಅಪಾಯಕರವೆಂಬುದನ್ನು ಅಮೆರಿಕದ ಅನುಭವ ತೋರಿಸಿದೆ. 1989ರಿಂದ 2020ರವರೆಗೆ ಅಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ನಿರ್ದೋಷಿಗಳೆಂದು ಸಿದ್ಧವಾದವರು 375 ಮಂದಿ. ಆ ಪ್ರಕರಣಗಳಲ್ಲಿ ಸುಮಾರು ನೂರಕ್ಕೆ 29ರಲ್ಲಿ ಸುಳ್ಳು ತಪ್ಪೊಪ್ಪಿಗೆ ಸೇರಿತ್ತು. ಮಾಡದ ಅಪರಾಧವನ್ನು ಮಾಡಿದೆನೆಂದು ಮನುಷ್ಯ ಹೇಳಬಹುದೆ? ಹೇಳಿದ್ದಾನೆ, ಮತ್ತು ಅದರಿಂದ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತಿದ್ದಾನೆ.

ನಮ್ಮ ದೇಶದ ಕಾನೂನು ಈ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಸಾಧಿಸತಕ್ಕದ್ದಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮ ಉಳಿದುಬಂದಿದೆ. ಬಂಧನದಲ್ಲಿರುವವನ ಮಾತಿನಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ವಿನಾಯಿತಿ. ಮಾತಿಗೆ ವಸ್ತುವಿನ ಬೆಂಬಲ ಬೇಕೆಂಬ ಈ ವಿವೇಕ ಪ್ರಯೋಗಶಾಲೆಯ ವಿವೇಕಕ್ಕೆ ತೀರ ಹತ್ತಿರವಾದುದು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಳ್ಳುಪತ್ತೆ ಯಂತ್ರ, ಮಂಪರು ಪರೀಕ್ಷೆ ಮೊದಲಾದುವನ್ನು ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ತೀರ್ಪಿತ್ತುದನ್ನೂ ವಾಚಕರು ನೆನೆಯಬೇಕು.

ಕೊನೆಯದಾಗಿ ಒಂದು ಮಾತು. ಈ ಆಟವು ಕಡೆಗೂ 'ನಿನ್ನ ಊಹೆ ಸರಿ' ಎಂದಾಗಲಿ 'ತಪ್ಪು' ಎಂದಾಗಲಿ ಹೇಳುವುದಿಲ್ಲ. ಹಲವರಿಗೆ ಇದು ಅಸಮಾಧಾನ ತಂದಿದೆ. ನಮಗೆ ಇದು ಆಟದ ಅತಿ ದೊಡ್ಡ ಗುಣವಾಗಿ ತೋರುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಗೆ ಒಗ್ಗಿಹೋದ ನಮ್ಮ ವಿದ್ಯಾರ್ಥಿಗಳು, ಪ್ರತಿ ಪ್ರಶ್ನೆಗೂ ಪುಸ್ತಕದ ಕೊನೆಯಲ್ಲಿ ಉತ್ತರವಿರುತ್ತದೆಂದು ಭಾವಿಸುತ್ತಾರೆ. ಸಂಶೋಧನೆಗೆ ಇಳಿದವನಿಗೆ ಅಂಥ ಪುಟ ಎಲ್ಲಿಯೂ ಇಲ್ಲ. ಹಾಗೆಂದು ಯಾರ ಅಭಿಪ್ರಾಯವಾದರೂ ಸರಿಯೆಂದು ಹೇಳುವಂತಿಲ್ಲ. ಹೆಚ್ಚು ತುಣುಕುಗಳನ್ನು ವಿರೋಧವಿಲ್ಲದೆ ಹೊಂದಿಸಬಲ್ಲ ವಿವರಣೆಯೇ ಉತ್ತಮವಾದುದು.

ಆದ್ದರಿಂದ ಕಾಲೇಜುಗಳ ವಿಜ್ಞಾನ ಸಂಘಗಳಿಗೆ ನಮ್ಮ ಸಲಹೆ ಇದು. ಇಬ್ಬಿಬ್ಬರು ಈ ಆಟವನ್ನು ಬೇರೆ ಬೇರೆಯಾಗಿ ಆಡಲಿ. ವಸ್ತು ಪ್ರೌಢವಾದುದರಿಂದ ಹೈಸ್ಕೂಲಿನವರು ಹಿರಿಯರನ್ನು ಕೇಳಿ ಆಡುವುದು ಮೇಲು. ಆಡಿ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ವಿವರಣೆಯನ್ನು ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ ಆ ವಿವರಣೆಗೆ ಅತ್ಯಂತ ವಿರುದ್ಧವಾಗಿರುವ ತುಣುಕು ಯಾವುದೆಂದು ಪ್ರಾಮಾಣಿಕವಾಗಿ ಕಾಣಿಸಲಿ. ಬಳಿಕ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಲಿ. ಮೇಲಿನ ಭಾಗವನ್ನು ಬರೆಯುವುದು ಎಲ್ಲರಿಗೂ ಸುಲಭ. ಕೆಳಗಿನ ಒಂದು ಸಾಲನ್ನು ಬರೆಯಬಲ್ಲವನು ನಾಳೆ ಪ್ರಯೋಗಶಾಲೆಯಲ್ಲಿ ನಿಂತರೂ, ನ್ಯಾಯಪೀಠದಲ್ಲಿ ಕುಳಿತರೂ ಅವನ ತೀರ್ಮಾನವನ್ನು ನಾವು ನೆಮ್ಮದಿಯಿಂದ ನಂಬಬಹುದು.