ಕೊಪ್ಪರಿಗೆಗೆ ಹಾಕಿದ ತೆಂಗಿನಕಾಯಿ

ಕಥೆಯು ತ್ವರೆಪಡಿಸುತ್ತಿರುವಾಗ ಕಥಾನಾಯಕನು ದಾರಿಯನ್ನು ಬಿಟ್ಟು ಮನಬಂದಂತೆ ಅಲೆಯಬಹುದೆ ಎಂಬ ಪ್ರಶ್ನೆಯು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಈಗ ಅದು ಹೊಸ ವೇಷವನ್ನು ತೊಟ್ಟು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಿಗೂ ಬಂದಿದೆ. ರಜೆಗೆಂದು ಊರಿಗೆ ಬಂದ ಕಾಲೇಜು ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ‘ಓಪನ್ ವರ್ಲ್ಡ್’ ಎಂಬ ಜಾತಿಯ ವಿಡಿಯೋ ಗೇಮುಗಳನ್ನು ಆಡುತ್ತಾರೆ. ಇವುಗಳಲ್ಲಿ ಆಡತಕ್ಕವನೇ ಕಥಾನಾಯಕನು. ಅವನೆದುರಿಗೆ ಬೆಟ್ಟ, ನದಿ, ಪಟ್ಟಣ, ಅಡವಿಗಳಿಂದ ತುಂಬಿದ ಒಂದು ದೇಶವೇ ತೆರೆದಿರುತ್ತದೆ. ಅವನು ಎತ್ತ ಬೇಕಾದರೂ ಹೋಗಬಹುದು. ಆದರೆ ಅದೇ ಕಾಲದಲ್ಲಿ ಮುಖ್ಯವಾದ ಕಥೆಯೊಂದು ‘ಬೇಗ ಬಾ, ಲೋಕವು ನಾಶವಾಗುತ್ತಿದೆ’ ಎಂದು ಅವನನ್ನು ಕೂಗುತ್ತಲೂ ಇರುತ್ತದೆ. ಅವನು ಎರಡಕ್ಕೂ ಹೇಗೆ ಸಲ್ಲಬೇಕು?

ಈ ವಿಷಯದಲ್ಲಿ ಕೇಳಿಬರುವ ಮಾತುಗಳು ವಿಚಿತ್ರವಾಗಿವೆ. ಮುಖ್ಯಕಥೆಯೇ ಪ್ರಧಾನವಾದುದರಿಂದ ಅಲೆದಾಟವನ್ನು ಮೊಟಕುಮಾಡಬೇಕೆಂದು ಕೆಲವರು ಹೇಳುತ್ತಾರೆ. ಅಲೆದಾಟವೇ ಆಟದ ಜೀವವಾದುದರಿಂದ ಕಥೆಯ ಗೊಡವೆಯೇ ಬೇಡವೆಂದು ಮತ್ತೆ ಕೆಲವರು ಹೇಳುತ್ತಾರೆ. ಹಿರಿಯರಾದವರು ಇದನ್ನು ಕಾಲಹರಣವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ರಾತ್ರಿಯೆಲ್ಲಾ ಬಯಲಾಟದ ಮುಂದೆ ಕುಳಿತು ಬೆಳಗಿನ ಬಿಸಿಲಿನಲ್ಲಿ ಮನೆಗೆ ಬರುತ್ತಿದ್ದವರ ಬಾಯಿಂದ ಈ ಮಾತು ಅಷ್ಟಾಗಿ ಶೋಭಿಸುವುದಿಲ್ಲ. ಉಳಿದ ಇಬ್ಬರ ಮಾತಾದರೋ, ರೋಗವೊಂದಿರಲು ಬೇರೊಂದಕ್ಕೆ ಮದ್ದು ಅರೆಯುವಂಥದು. ಅಲೆದಾಟವೂ ದೋಷವಲ್ಲ, ಅವಸರವೂ ದೋಷವಲ್ಲ. ಅವಸರವೆಂದು ಸಾರಿ, ಆ ಮಾತಿಗೆ ತಾನೇ ನಿಲ್ಲದಿರುವುದು ದೋಷ.

2015ರಲ್ಲಿ ಹೊರಬಂದ ‘ದಿ ವಿಚರ್ 3’ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಪೋಲೆಂಡ್ ದೇಶದವರು ಮಾಡಿದ್ದು. ಅದರಲ್ಲಿರುವ ಹಳ್ಳಿಗಾಡಿನ ಚಿತ್ರಣವು ನಿಜವಾಗಿಯೂ ಮನೋಹರವಾದುದು. ಗೆರಾಲ್ಟನೆಂಬ ನಾಯಕನು ತಾನು ಮಗಳಂತೆ ಬೆಳೆಸಿದ ಸಿರಿಯೆಂಬವಳನ್ನು ಹುಡುಕುತ್ತಾ ಹೊರಟಿದ್ದಾನೆ. ಪ್ರೇತಸೈನ್ಯದಂತಿರುವ ಸವಾರರ ತಂಡವೊಂದು ಅವಳ ಬೆನ್ನಟ್ಟಿದೆ. ಒಂದು ಗಳಿಗೆ ತಡವಾದರೂ ಅನರ್ಥವಾದೀತೆಂದು ಎದುರಾದವರೆಲ್ಲರೂ ಹೇಳುತ್ತಾರೆ. ಹೀಗಿರಲು ಆ ನಾಯಕನು ಹೆಂಡದಂಗಡಿಯಲ್ಲಿ ಕುಳಿತು ‘ಗ್ವೆಂಟ್’ ಎಂಬ ಎಲೆಯಾಟವನ್ನು ಆಡಬಹುದು, ಗೊತ್ತಿಲ್ಲದ ಊರಿನ ಕುದುರೆಜೂಜಿಗೆ ಹೋಗಬಹುದು, ಆಟದೊಳಗಿನ ತಿಂಗಳುಗಳನ್ನು ಹೀಗೆಯೇ ಕಳೆಯಬಹುದು. ಸಿರಿಗೆ ಏನೂ ಆಗುವುದಿಲ್ಲ. ಬೆನ್ನಟ್ಟಿದ ಸವಾರರೂ ಇವನು ಎಲೆಯಾಟ ಮುಗಿಸಿ ಬರಲೆಂದು ಎಲ್ಲಿಯೋ ನಿಂತಿರಬೇಕು! 2020ರ ‘ಸೈಬರ್‌ಪಂಕ್ 2077’ ಎಂಬುದರಲ್ಲಿಯಂತೂ ನಾಯಕನಿಗೆ ಆಯುಷ್ಯವು ಕೆಲವೇ ವಾರಗಳೆಂದು ವೈದ್ಯನೇ ಹೇಳಿಬಿಡುತ್ತಾನೆ. ಆ ಕೆಲವು ವಾರಗಳು ಆಡುವವನು ಬೇಕೆಂದಷ್ಟು ಕಾಲ ಮುಗಿಯುವುದೇ ಇಲ್ಲ.

ಇದನ್ನು ಶಾಸ್ತ್ರಕಾರರು ಕಾಣದೆ ಹೋದವರಲ್ಲ. ಪ್ರಬಂಧದಲ್ಲಿ ರಸವು ಕೆಡುವ ಬಗೆಗಳನ್ನು ಎಣಿಸುವಾಗ ಆನಂದವರ್ಧನನೂ, ಅವನ ದಾರಿಯಲ್ಲಿಯೇ ನಡೆದ ಮಮ್ಮಟನೂ, ಹೊತ್ತಲ್ಲದ ಹೊತ್ತಿನಲ್ಲಿ ಒಂದು ರಸವನ್ನು ಹರಡುವುದನ್ನು ಹೇಳಿದ್ದಾರೆ, ಇದೇ ಅಕಾಂಡಪ್ರಥನ. ಮುಖ್ಯವಾದುದನ್ನೇ ಮರೆತುಬಿಡುವುದನ್ನು ಮಮ್ಮಟನು ಬೇರೆ ದೋಷವಾಗಿ ಎಣಿಸಿದ್ದಾನೆ. ಮೊದಲನೆಯದಕ್ಕೆ ಅವನು ಕೊಡುವ ಉದಾಹರಣೆ ಭಟ್ಟನಾರಾಯಣನ ವೇಣೀಸಂಹಾರದ ಎರಡನೆಯ ಅಂಕ. ಕುರುಕ್ಷೇತ್ರದಲ್ಲಿ ವೀರರು ಒಬ್ಬೊಬ್ಬರಾಗಿ ಉರುಳುತ್ತಿರುವಾಗ ದುರ್ಯೋಧನನು ಭಾನುಮತಿಯೊಡನೆ ಶೃಂಗಾರದಲ್ಲಿ ತೊಡಗುತ್ತಾನೆ. ಗೆರಾಲ್ಟನ ಎಲೆಯಾಟಕ್ಕೂ ಈ ಶೃಂಗಾರಕ್ಕೂ ಜಾತಿಭೇದವೇನೂ ಇಲ್ಲ.

ಹಾಗಾದರೆ ಯುದ್ಧದ ಬಾಗಿಲಿನಲ್ಲಿ ಶೃಂಗಾರವು ಯಾವಾಗಲೂ ದೋಷವೆ? ಇಲ್ಲಿಯೇ ಕನ್ನಡಿಗರು ಎದೆ ತಟ್ಟಿ ಹೇಳಬಹುದಾದ ಒಂದು ಉತ್ತರವಿದೆ, ಅದೂ ದೂರದಲ್ಲಿಲ್ಲ. ತಿಪಟೂರಿನಿಂದ ಅರಸೀಕೆರೆಯನ್ನು ದಾಟಿದರೆ ಕಡೂರು ಸೀಮೆ. ಅಲ್ಲಿಯ ದೇವನೂರು ಲಕ್ಷ್ಮೀಶನ ಊರು. ಅವನ ಜೈಮಿನಿ ಭಾರತವನ್ನು ಗಮಕಿಗಳ ಬಾಯಿಂದ ಕೇಳಿದವರು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಚಂಪಕಾಪುರದ ಹಂಸಧ್ವಜನು ಅರ್ಜುನನ ಮೇಲೆ ಯುದ್ಧಕ್ಕೆ ಹೊರಡುವಾಗ ಒಂದು ಕಟ್ಟಳೆಯನ್ನು ಸಾರಿಸುತ್ತಾನೆ: ಭೇರಿಯ ದನಿಗೆ ಬಂದು ಸೇರದವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಲಾಗುವುದು. ಅವನ ಮಗ ಸುಧನ್ವನು ಹೊರಟು ನಿಂತಿದ್ದಾನೆ. ಹೆಂಡತಿ ಪ್ರಭಾವತಿಯು ತಡೆದು, ರಣಕ್ಕೆ ಹೋದವನು ಮರಳುವನೆಂಬ ನಂಬಿಕೆಯಿಲ್ಲ, ಸಂತಾನವನ್ನು ಕೊಟ್ಟು ಹೋಗೆಂದು ಬೇಡುತ್ತಾಳೆ. ಸುಧನ್ವನು ನಿಲ್ಲುತ್ತಾನೆ.

ಸಂದರ್ಭವು ವೇಣೀಸಂಹಾರದ್ದೇ: ಯುದ್ಧ, ರಾಜವಂಶದ ವೀರ, ಹೆಂಡತಿ, ಶೃಂಗಾರ. ಆದರೂ ಇದನ್ನು ಅಕಾಂಡಪ್ರಥನವೆಂದು ಯಾವ ಸಹೃದಯನೂ ಹೇಳಲಾರನು. ಏತಕ್ಕೆಂದರೆ ಕವಿಯು ಕೊಪ್ಪರಿಗೆಯನ್ನು ಮೊದಲೇ ಒಲೆಯ ಮೇಲಿಟ್ಟಿದ್ದಾನೆ. ಪ್ರಭಾವತಿಯ ಮನೆಯಲ್ಲಿ ಕಳೆದ ಒಂದೊಂದು ಗಳಿಗೆಗೂ ಎಣ್ಣೆಯು ಕಾಯುತ್ತಿದೆ, ಕೇಳುವವನ ಎದೆಯೂ ಕಾಯುತ್ತಿದೆ. ಸುಧನ್ವನು ತಡವಾಗಿ ಬಂದಾಗ ತಂದೆಯು ಮಗನೆಂಬ ಮೋಹದಿಂದ ಅಳುಕಿದರೂ, ಶಂಖಲಿಖಿತರೆಂಬ ಪುರೋಹಿತರು ಮಾತಿಗೆ ತಪ್ಪಬಾರದೆಂದು ಪಟ್ಟು ಹಿಡಿಯುತ್ತಾರೆ. ಮಗನನ್ನು ಎಣ್ಣೆಗೆ ಹಾಕಲಾಗುತ್ತದೆ. ಹರಿಸ್ಮರಣೆಯ ಬಲದಿಂದ ಅವನು ಬೇಯುವುದಿಲ್ಲ. ಎಣ್ಣೆಯು ಕಾದಿದೆಯೋ ಇಲ್ಲವೋ ಎಂಬ ಸಂಶಯ ಬಂದು ಒಂದು ತೆಂಗಿನಕಾಯಿಯನ್ನು ಅದರೊಳಕ್ಕೆ ಹಾಕಿಸಿ ನೋಡುತ್ತಾರೆ. ಕಾಯಿಯು ಸಿಡಿದು ಎರಡು ಹೋಳಾಗಿ ಆ ಪುರೋಹಿತರಿಬ್ಬರ ಹಣೆಗೇ ಬಡಿಯುತ್ತದೆ ಎಂಬುದು ಜೈಮಿನಿಯ ಕಥೆ. ತೆಂಗಿನ ಸೀಮೆಯ ಶ್ರೋತೃಗಳು ಈ ಸ್ಥಳದಲ್ಲಿ ನಗದೆ ಇದ್ದುದುಂಟೆ?

ಈ ಆಟಗಳಿಗೂ ಅದೇ ಪರೀಕ್ಷೆಯನ್ನು ಮಾಡತಕ್ಕದ್ದು. ಅವಸರವೆಂದು ಸಾರಿದ ಕಡೆ ಒಂದು ಕಾಯಿಯನ್ನು ಹಾಕಿ ನೋಡಬೇಕು. ಗೆರಾಲ್ಟನ ಕೊಪ್ಪರಿಗೆಯಲ್ಲಿ ಕಾಯಿಯು ತಣ್ಣಗೆ ತೇಲುತ್ತದೆ. 1997ರ ‘ಫಾಲೌಟ್’ ಎಂಬ ಆಟದಲ್ಲಿ ಹಾಗಲ್ಲ. ನೆಲಮಾಳಿಗೆಯಲ್ಲಿ ಬದುಕುತ್ತಿರುವ ಜನಕ್ಕೆ ಕುಡಿಯುವ ನೀರನ್ನು ಒದಗಿಸುವ ಯಂತ್ರದ ಒಂದು ಭಾಗವು ಕೆಟ್ಟಿದೆ. ಬದಲಿಯನ್ನು 150 ದಿನಗಳೊಳಗೆ ತರಬೇಕು. ಆಡುವವನು ಎಲ್ಲಿ ಬೇಕಾದರೂ ಅಲೆಯಬಹುದು, ಆದರೆ ದಿನಗಳು ನಿಜವಾಗಿಯೂ ಕಳೆಯುತ್ತವೆ. ತೀರಿದರೆ ಆಟವೂ ತೀರುತ್ತದೆ. ಜಪಾನಿನವರ ‘ಮಜೋರಾಸ್ ಮಾಸ್ಕ್’ (2000) ಎಂಬುದರಲ್ಲಿ ಚಂದ್ರನು ಮೂರು ದಿನಗಳಲ್ಲಿ ಭೂಮಿಯ ಮೇಲೆ ಬೀಳುತ್ತಾನೆ. ನಾಯಕನು ಕಾಲವನ್ನು ಹಿಂದಕ್ಕೆ ತಿರುಗಿಸಿ ಅದೇ ಮೂರು ದಿನಗಳನ್ನು ಮತ್ತೆ ಮತ್ತೆ ಬದುಕಬಹುದು. ಆದರೆ ಸುಮ್ಮನೆ ಕುಳಿತರೆ ಚಂದ್ರನು ಬಿದ್ದೇ ಬೀಳುತ್ತಾನೆ. ಇಲ್ಲಿ ಕಾಯಿಯು ಸಿಡಿಯುತ್ತದೆ.

ಇದಕ್ಕೆ ಆಡುವವರು ಒಂದು ಆಕ್ಷೇಪವನ್ನು ತರುತ್ತಾರೆ. ತಲೆಯ ಮೇಲೆ ಗಡಿಯಾರವನ್ನು ತೂಗುಹಾಕಿದರೆ ಊರು ನೋಡುವ ಸುಖವೆಲ್ಲಿ ಬಂತು? ಆಕ್ಷೇಪವು ಸುಳ್ಳಲ್ಲ. ಫಾಲೌಟ್ ಆಟದ ಮುಂದಿನ ಭಾಗದಲ್ಲಿದ್ದ ಇನ್ನೊಂದು ಗಡುವನ್ನು ಮಾಡಿದವರೇ ಆಮೇಲೆ ಸಡಿಲಿಸಬೇಕಾಯಿತು. ಆದರೆ ಗಡಿಯಾರವು ಹಿಡಿಸದಿದ್ದರೆ ಅವಸರವೆಂದು ಕೂಗಬೇಕೆಂಬ ನಿರ್ಬಂಧವೇನಿದೆ? ಉಂಡೆ ಕೊಬ್ಬರಿಯನ್ನು ಮಾಡುವ ರೈತನು ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿಯು ಬಿಡಿಯಾಗಿ ಗುಡುಗುಡನೆಂದು ಅಲುಗುವ ತನಕ, ಹತ್ತು ಹನ್ನೆರಡು ತಿಂಗಳು ಕಾಯುತ್ತಾನೆ. ನಾಳೆಯೇ ಸುಲಿಯಬೇಕೆಂದು ಅವನು ಯಾರಲ್ಲಿಯೂ ಕೂಗಾಡುವುದಿಲ್ಲ. 2002ರ ‘ಮೊರೋವಿಂಡ್’ ಎಂಬ ಆಟವನ್ನು ಮಾಡಿದವರಿಗೆ ಈ ವಿವೇಕವಿತ್ತು. ಹೊಸಬನಾಗಿ ಬಂದ ನಾಯಕನಿಗೆ ಅವನ ಮೇಲಧಿಕಾರಿಯೇ, ಮೊದಲು ಊರೂರು ತಿರುಗಿ ಕೆಲಸ ಕಲಿತು ಬಾ, ಅನಂತರ ಮುಂದಿನ ಮಾತು ಎಂದು ಹೇಳಿ ಕಳುಹಿಸುತ್ತಾನೆ. ಅಲೆದಾಟವು ಅಲ್ಲಿ ಅಪ್ಪಣೆಯಾಯಿತು. ಸುಳ್ಳಿಗೆ ಎಡೆಯೇ ಉಳಿಯಲಿಲ್ಲ.

ಲಕ್ಷ್ಮೀಶನ ಕಾವ್ಯದ ಇಡಿಯ ಕಟ್ಟಡವೂ ಇದೇ ಬಗೆಯದು. ಅಶ್ವಮೇಧದ ಕುದುರೆಯು ತನಗೆ ತೋರಿದತ್ತ ಹೋಗುತ್ತದೆ. ಅರ್ಜುನನು ಅದರ ಹಿಂದೆ ಹೋಗುತ್ತಾನೆ. ನೀಲಧ್ವಜನ ಊರು, ಹಂಸಧ್ವಜನ ಊರು, ಪ್ರಮೀಳೆಯ ಸ್ತ್ರೀರಾಜ್ಯ, ಬಭ್ರುವಾಹನನ ಮಣಿಪುರ, ಚಂದ್ರಹಾಸನ ಕುಂತಳ: ಇವುಗಳಲ್ಲಿ ಯಾವುದನ್ನೂ ಅರ್ಜುನನು ಆರಿಸಿದವನಲ್ಲ. ಕುದುರೆಯ ಸ್ವೇಚ್ಛೆಯೇ ಮುಖ್ಯಕಥೆಯಾಗಿರುವಾಗ ಅಲೆದಾಟವು ಮುಖ್ಯಕಥೆಗೆ ಹಗೆಯಾಗುವುದು ಹೇಗೆ? ಇತ್ತ ಧರ್ಮರಾಯನು ದೀಕ್ಷೆಯನ್ನು ತೊಟ್ಟು ಕುಳಿತಿದ್ದಾನೆ, ಯಾಗಕ್ಕೆ ವರ್ಷದ ಅವಧಿಯುಂಟು. ಸ್ವೇಚ್ಛೆಗೂ ಅವಧಿಗೂ ಒಂದೇ ಕುದುರೆಯಲ್ಲಿ ಸಂಧಿಯಾಗಿದೆ. ಈ ಸೀಮೆಯಿಂದ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೆಲಸವನ್ನು ಹಿಡಿದ ತರುಣರಲ್ಲಿ ಯಾರಾದರೊಬ್ಬರು ಮುಂದೆ ಇಂಥ ಆಟವನ್ನು ಕಟ್ಟುವುದಾದರೆ ಪೋಲೆಂಡಿನ ಕಡೆಗೆ ನೋಡುವುದಕ್ಕೆ ಮೊದಲು ದೇವನೂರಿನ ಕಡೆಗೆ ನೋಡಲಿ.

ಕಾವ್ಯವನ್ನು ಓದಲಾರದವರಿಗೆ ಮೂಡಲಪಾಯದ ಆಟವಿತ್ತು. ಈಗ ಅದು ವಿರಳವಾಗಿದೆ. ರಾಕ್ಷಸನು ಊರ ಬಾಗಿಲಿನಲ್ಲಿ ಅಬ್ಬರಿಸುತ್ತಿದ್ದರೂ ಹನುಮನಾಯಕನು ನಡುವೆ ಬಂದು ಜನರನ್ನು ನಗಿಸಿ ಹೋಗುವನು. ಇದನ್ನು ರಸಭಂಗವೆಂದು ತಿಳಿದವರು ಹೇಳಿದ್ದುಂಟು. ಅವರು ಮೂಡಣ ದಿಕ್ಕನ್ನು ನೋಡಲು ಮರೆತರು. ಆಟವು ಬೆಳಗಾಗುವುದರೊಳಗೆ ಮುಗಿಯಲೇಬೇಕು. ಭಾಗವತನ ಕಣ್ಣು ಒಂದು ತಾಳದ ಮೇಲಿದ್ದರೆ ಇನ್ನೊಂದು ಬೆಳ್ಳಿಯ ಮೇಲೆ. ನಡುರಾತ್ರಿಯಲ್ಲಿ ಹಾಸ್ಯಕ್ಕೆ ಅವನು ಕೊಟ್ಟ ಸಲಿಗೆಯು ಬೆಳ್ಳಿ ಮೂಡಿದ ಮೇಲೆ ಇಲ್ಲ. ಪದಗಳು ಕಿರಿದಾಗುತ್ತವೆ, ಕುಣಿತವು ಬಿರುಸಾಗುತ್ತದೆ, ಹನುಮನಾಯಕನು ತಾನೇ ತಿಳಿದು ಹಿಂದಕ್ಕೆ ಸರಿಯುತ್ತಾನೆ. ಆ ಗಡುವನ್ನು ಯಾವ ಕವಿಯೂ ಬರೆದಿರಲಿಲ್ಲವಾದರೂ ಕುಳಿತವರೆಲ್ಲರಿಗೂ ತಿಳಿದಿತ್ತು.

ಇಷ್ಟಾದರೂ ಅಲೆದಾಟವನ್ನು ಕತ್ತರಿಸುವುದೇ ಮದ್ದೆಂದು ನಂಬಿದವರು ಆಟದವರಲ್ಲಿ ಮಾತ್ರವಲ್ಲ, ಪುಸ್ತಕದವರಲ್ಲಿಯೂ ಇದ್ದಾರೆ. ಮಕ್ಕಳಿಗೆಂದು ಜೈಮಿನಿಯನ್ನು ಸಂಗ್ರಹಿಸುವಾಗ ಇವರಿಗೆ ಬೇಕಾದುದು ಕಾದ ಎಣ್ಣೆ ಮತ್ತು ಹರಿಸ್ಮರಣೆ, ಪ್ರಭಾವತಿಯು ಬೇಡ. ಶೃಂಗಾರವನ್ನು ಮಕ್ಕಳ ವಯಸ್ಸಿಗೆ ತಕ್ಕಂತೆ ಸೌಮ್ಯಮಾಡಿ ಹೇಳುವುದು ಬೇರೆ, ಆ ಹೆಂಗಸನ್ನೇ ಕಥೆಯಿಂದ ಹೊರಕ್ಕೆ ಕಳುಹಿಸುವುದು ಬೇರೆ. ಕಥೆಯು ಚುರುಕಾಯಿತೆಂದು ಇವರ ಎಣಿಕೆ. ಮೂರನೆಯ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬನು ಎದ್ದು ನಿಂತು, ಅಷ್ಟು ಒಳ್ಳೆಯ ರಾಜಕುಮಾರನು ಯುದ್ಧಕ್ಕೆ ಏಕೆ ತಡವಾಗಿ ಬಂದನೆಂದು ಕೇಳಿದರೆ, ಆ ಪುಸ್ತಕದಲ್ಲಿ ಅವನಿಗೆ ಉತ್ತರವಿಲ್ಲ.