ಲೈಬ್ರರಿಯಲ್ಲಿ ಆಗಲೇ ಕೂತವರು

ಯುವಜನರನ್ನು ಗ್ರಂಥಾಲಯದತ್ತ ಸೆಳೆಯುವುದು ಹೇಗೆ ಎಂಬ ಚಿಂತೆ ನವೆಂಬರಿನಲ್ಲಿ ಜೋರಾಗುತ್ತದೆ. 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಶಾಮಿಯಾನ, ಶಾಲು, ಹಾರ, ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಕೊನೆಗೆ ‘ಇಂದಿನ ಯುವಕರು ಮೊಬೈಲಿಗೆ ಅಂಟಿಕೊಂಡಿದ್ದಾರೆ’ ಎಂಬ ಭಾಷಣ. ಆ ಭಾಷಣ ನಡೆಯುವಾಗ ಪಕ್ಕದ ಓದುವ ಕೋಣೆಯಲ್ಲಿ ಯುವಕರೇ ತುಂಬಿಕೊಂಡು, ಮೈಕಿನ ಸದ್ದು ಯಾವಾಗ ನಿಲ್ಲುತ್ತದೋ ಎಂದು ಕಾಯುತ್ತಿರುತ್ತಾರೆ.

ಧಾರವಾಡ, ವಿಜಯಪುರ, ಕಲಬುರಗಿ, ಮೈಸೂರು, ಯಾವ ಊರಿನ ಕೇಂದ್ರ ಗ್ರಂಥಾಲಯಕ್ಕಾದರೂ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನೋಡಿ. ಬ್ಯಾಗು, ನೀರಿನ ಬಾಟಲಿ ಇಟ್ಟು ಜಾಗ ಹಿಡಿಯುವ ಹುಡುಗ ಹುಡುಗಿಯರೇ ಹೆಚ್ಚು. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಯಾವುದೋ ಒಂದು ನೋಟಿಫಿಕೇಶನ್‌ಗೆ ಕಾಯುತ್ತಿರುವವರು. ಗೈಡು ತಮ್ಮದೇ, ನೋಟ್ಸು ತಮ್ಮದೇ. ಗ್ರಂಥಾಲಯದಿಂದ ಬೇಕಾಗಿರುವುದು ಮೇಜು, ಫ್ಯಾನು, ದಿನಪತ್ರಿಕೆ. ‘ಇವರು ಓದುಗರಲ್ಲ, ಕುರ್ಚಿ ಹಿಡಿಯುವವರು’ ಎಂದು ಗೊಣಗುವ ಗ್ರಂಥಪಾಲಕರಿದ್ದಾರೆ. ಈ ಗೊಣಗಾಟ ನನಗೆ ಹಿಡಿಸುವುದಿಲ್ಲ. ಇಪ್ಪತ್ತು ದಾಟಿದವರು ದಿನಕ್ಕೆ ಎಂಟು ಗಂಟೆ ಒಂದು ಸಾರ್ವಜನಿಕ ಕಟ್ಟಡದಲ್ಲಿ ತಾವಾಗಿ ಬಂದು ಕೂರುವುದು ಇನ್ನೆಲ್ಲಿದೆ? ಸೆಳೆಯುವ ಮಾತು ಅನಗತ್ಯ, ಅವರು ಬಂದಾಗಿದೆ. ಬಂದವರಿಗೆ ಏನು ಮಾಡಬೇಕೆಂಬುದನ್ನು ನಾವಿನ್ನೂ ಕೇಳಿಕೊಂಡಿಲ್ಲ.

ಕೇಳಿಕೊಂಡರೆ ಕಾರ್ಯಕ್ರಮಗಳು ಅವರ ದಿನಚರಿಯೊಳಗೇ ಸಿಗುತ್ತವೆ. ಪರೀಕ್ಷೆ ಮುಗಿದ ಸಂಜೆ ಚಹಾದಂಗಡಿ ಎದುರು ನಡೆಯುವ ಚರ್ಚೆಯನ್ನೇ ತೆಗೆದುಕೊಳ್ಳಿ. ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿದು ‘ಇದಕ್ಕೆ ಬಿ ಸರಿ, ಸಿ ಅಲ್ಲ’ ಎಂದು ಜಗಳ. ಕೆಲವೇ ದಿನಗಳಲ್ಲಿ ಕೀ ಉತ್ತರ ಬರುತ್ತದೆ, ಆಕ್ಷೇಪಣೆ ಸಲ್ಲಿಸಲು ಗಡುವು ಬರುತ್ತದೆ. ಆಕ್ಷೇಪಣೆಗೆ ಬಾಯಿಮಾತು ಸಾಲದು, ಪುಸ್ತಕದ ಆಧಾರ ಬೇಕು. ಕೋಚಿಂಗ್ ಸೆಂಟರಿನ ನೋಟ್ಸನ್ನು ಆಧಾರವೆಂದು ಯಾರೂ ಒಪ್ಪರು. ಆಗ ಹುಡುಕಬೇಕಾದದ್ದು ಜಿಲ್ಲಾ ಗ್ಯಾಸೆಟಿಯರ್, ಕನ್ನಡ ವಿಶ್ವಕೋಶ, ಒಳ್ಳೆಯ ಇತಿಹಾಸ ಗ್ರಂಥ. ಅವೆಲ್ಲ ಇರುವುದು ಅವರ ಬೆನ್ನ ಹಿಂದಿನ ಬೀರುವಿನಲ್ಲೇ, ಬೀಗದೊಳಗೆ. ಪರೀಕ್ಷೆಯ ಮರುದಿನ ಆ ಬೀರುಗಳನ್ನು ತೆಗೆದು, ಮೇಜಿನ ಮೇಲೆ ಪುಸ್ತಕ ಹರಡಿ, ಪ್ರಶ್ನೆಪತ್ರಿಕೆಯನ್ನು ನಡುವೆ ಇಟ್ಟು ಎರಡು ತಾಸು ಬಿಟ್ಟುಬಿಡಿ. ಅತಿಥಿ ಬೇಡ, ಸ್ವಾಗತ ಭಾಷಣವಂತೂ ಬೇಡವೇ ಬೇಡ. ಕದಂಬರ ಬಗ್ಗೆ ಒಂದು ಅಂಕದ ಪ್ರಶ್ನೆಗೆ ಪುಟ ತಿರುವಿದವನು ಹತ್ತು ಪುಟ ಓದಿಯೇ ಮೇಲೇಳುತ್ತಾನೆ. ಎಲ್ಲರೂ ಅಲ್ಲ, ಇಬ್ಬರು ಮೂವರು. ಅಷ್ಟು ಸಾಕು.

ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ ಎಸ್.ಆರ್. ರಂಗನಾಥನ್, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಅವರ ಮೂರನೆಯ ಸೂತ್ರ. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್ಗುಡಿಯಿಂದ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹಳ್ಳಿಗಳಿಗೆ ಹೊರಟಿದ್ದವು. ಓದುಗ ಇರುವಲ್ಲಿಗೆ ಪುಸ್ತಕ ಗಾಡಿ ಏರಿ ಹೋದ ಕಾಲ ಅದು. ಇಂದು ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ, ನಡುವೆ ಗಾಜಿನ ಬಾಗಿಲು.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರ ಜನವರಿಯಿಂದ ಶನಿವಾರಗಳಂದು ಹುಲ್ಲಿನ ಮೇಲೆ ಕೂತು ಮೌನವಾಗಿ ಓದುವ ಗುಂಪೊಂದು ಬೆಳೆದಿದೆ. ‘ಕಬ್ಬನ್ ರೀಡ್ಸ್’ ಎಂದು ಹೆಸರು. ನೋಂದಣಿಯಿಲ್ಲ, ಭಾಷಣವಿಲ್ಲ. ಇದನ್ನೇ ನೋಡಿ ಬೇರೆ ಬೇರೆ ನಗರಗಳಲ್ಲೂ ಶುರುವಾಯಿತು. ಆದರೆ ಇದನ್ನು ಎತ್ತಿಕೊಂಡು ಹೋಗಿ ಸಿಂದಗಿಯಲ್ಲೋ ಹಡಗಲಿಯಲ್ಲೋ ನೆಡುತ್ತೇನೆ ಎಂದರೆ ಕಷ್ಟ. ವಾರವಿಡೀ ದುಡಿದು ಶನಿವಾರ ಬಿಡುವಾಗುವವರ ಸಂತೋಷ ಅದು. ಕೆಲಸವೇ ಸಿಗದವನಿಗೆ ಶನಿವಾರವೂ ಸೋಮವಾರದ ಹಾಗೆಯೇ. ಕಲಿಯಬೇಕಾದ್ದು ಒಂದೇ: ಜೊತೆಗೆ ಕೂರುವ ಅವಕಾಶ ಕೊಟ್ಟು, ಉಪದೇಶ ಮಾಡದೆ ಬಿಟ್ಟರೆ ಈ ವಯಸ್ಸಿನವರು ಬರುತ್ತಾರೆ.

ಇನ್ನೊಂದು ಪಾಠ ಧಾರವಾಡದ ಸಪ್ತಾಪುರದಲ್ಲಿದೆ. ಅಲ್ಲಿ ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಕೂತು ಓದುವ ಖಾಸಗಿ ಕೋಣೆಗಳಿವೆ. ಅಲ್ಲಿ ಮಾರಾಟವಾಗುವುದು ಪುಸ್ತಕವಲ್ಲ. ಚಾರ್ಜರ್ ಸಿಕ್ಕಿಸಲು ಜಾಗ, ವೈಫೈ, ರಾತ್ರಿಯವರೆಗೆ ದೀಪ. ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ. ಹಾಗಿದ್ದೂ ಬಡವರ ಮಗ ಕುರ್ಚಿಗೆ ಇನ್ನೊಮ್ಮೆ ಬಾಡಿಗೆ ಕೊಡಬೇಕು. ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಸರಳ: ಶೌಚಾಲಯಕ್ಕೆ ಚಿಲಕವಿಲ್ಲದ, ಕೊನೆಯ ಬಸ್ಸಿನ ವೇಳೆ ಗೊತ್ತಿಲ್ಲದ ಕಡೆ ಸಂಜೆ ಆರಕ್ಕೆ ಏನು ಕಾರ್ಯಕ್ರಮ ಇಟ್ಟರೂ ಅದು ಗಂಡುಹುಡುಗರ ಕಾರ್ಯಕ್ರಮ.

ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಅರಿವು ಕೇಂದ್ರಗಳಾದ ಮೇಲೆ ಮಕ್ಕಳಿಗಾಗಿ ಸಾಕಷ್ಟು ನಡೆದಿದೆ. ‘ಓದುವ ಬೆಳಕು’ ಕಾರ್ಯಕ್ರಮ ಬಂತು, ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಡಿಗ್ರಿ ಮುಗಿಸಿ ಊರಿಗೆ ಮರಳಿದ ಇಪ್ಪತ್ತೆರಡರವರ ಲೆಕ್ಕ ಮಾತ್ರ ಯಾರ ಖಾತೆಯಲ್ಲೂ ಸರಿಯಾಗಿ ಕೂತಿಲ್ಲ. ಆನ್‌ಲೈನ್ ಅರ್ಜಿ ತುಂಬುವುದಕ್ಕೆ ನೆರವು, ಅದೇ ತಾಲ್ಲೂಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಪಿಡಿಒ ಜೊತೆ ಮಾತು, ಫಲಿತಾಂಶ ಬಂದ ವಾರ ಆಯ್ಕೆಯಾಗದವರಿಗೂ ಒಂದು ಸಂಜೆ. ಇವನ್ನೆಲ್ಲ ಅವರೇ ಯೋಜಿಸಲಿ. ನಲವತ್ತು ದಾಟಿದ ನಾವು ಯೋಜಿಸಿದರೆ ಅದು ಮತ್ತೆ ಶಾಲಿನಲ್ಲಿ ಮುಗಿಯುತ್ತದೆ.

ಆದರೆ ಬೀರು ತೆಗೆಯಿರಿ ಎಂದರೆ ಮೇಲ್ವಿಚಾರಕರು ಹೆದರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಬಾಗಿಲು ತೆಗೆಯುವವರೂ ಕಸ ಗುಡಿಸುವವರೂ ಪುಸ್ತಕ ಕಳೆದರೆ ಉತ್ತರ ಕೊಡಬೇಕಾದವರೂ ಅವರೊಬ್ಬರೇ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೊಂದು ದಾರಿ ಇದೆ: ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5 ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲವಾದರೆ, ಅದು ಸಹಜ ನಷ್ಟ. ಕೊಟ್ಟಷ್ಟೂ ವಿನಾಯಿತಿ ಹೆಚ್ಚುತ್ತದೆ, ಬೀಗ ಹಾಕಿಟ್ಟವರಿಗೆ ಏನೂ ಇಲ್ಲ ಎಂಬುದೇ ಈ ಲೆಕ್ಕದ ಚೆಂದ. ಮುಂದಿನ ಸಪ್ತಾಹದ ಸುತ್ತೋಲೆಯಲ್ಲಿ ಯಾರನ್ನು ಸನ್ಮಾನಿಸಬೇಕು ಎನ್ನುವುದಕ್ಕಿಂತ ಮೊದಲು, ಪ್ರತಿ ಅರಿವು ಕೇಂದ್ರದ ಮೇಲ್ವಿಚಾರಕರಿಗೂ ಈ ಐದು ಪುಸ್ತಕಗಳ ಅಭಯವನ್ನು ಇಲಾಖೆ ಬರೆದು ಕಳಿಸಲಿ.