ಭಾನುವಾರದ ಬಿಲ್ಲುಗಾರರು, ವಾರವೆಲ್ಲ ಹಂದಿ ಕಾಯುವ ರೈತರು

ಪೇಟೆಯ ಕೆಲವು ಹುಡುಗರಿಗೆ ಈಗ ಹೊಸ ಗೀಳು ಹತ್ತಿದೆ. ಶನಿವಾರ ಸಂಜೆ ನಾಲ್ಕಾರು ಜನ ಜೀಪು ಹತ್ತಿ ತೀರ್ಥಹಳ್ಳಿ, ಹೊಸನಗರದ ಕಡೆ ಹೊರಡುವುದು. ಪರಿಚಯದವರ ತೋಟದ ಮನೆಯಲ್ಲಿ ಇಳಿದುಕೊಳ್ಳುವುದು. ಭಾನುವಾರ ಬೆಳಕು ಹರಿಯುವ ಮುಂಚೆ ಬಿಲ್ಲು ಬಾಣ ಹಿಡಿದು ಕಾಡುಹಂದಿ ಹುಡುಕುತ್ತ ಹೋಗುವುದು. ಬಿಲ್ಲೆಂದರೆ ಬಿದಿರಿನದಲ್ಲ, ಎರಡು ತುದಿಗೂ ಗಾಲಿ ಇರುವ ವಿಲಾಯತಿ ಬಿಲ್ಲು. ಇದೇನ್ರಪ್ಪಾ ಅಂತ ಕೇಳಿದರೆ ಉತ್ತರ ರೆಡಿ: "ಬಂದೂಕಿಗೆ ಲೈಸೆನ್ಸ್ ಬೇಕು ಸಾರ್, ಬಿಲ್ಲಿಗೆ ಏನೂ ಬೇಡ. ಅಮೆರಿಕದಲ್ಲೆಲ್ಲ ಹೀಗೇ ಮಾಡ್ತಾರೆ. ರೈತರಿಗೂ ಉಪಕಾರ ಆಗುತ್ತೆ."

ಮೂರು ಮಾತು. ಮೂರೂ ತಪ್ಪು. ಒಂದೊಂದಾಗಿ ನೋಡೋಣ.

ಮೊದಲು ಲೈಸೆನ್ಸಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಆಯುಧ ಎಂದರೇನು ಎಂದು ಹೇಳುವಾಗ ಬಂದೂಕು, ಸಿಡಿಮದ್ದು, ವಿಷ, ಬಲೆ, ಉರುಳುಗಳ ಜತೆಗೆ ಬಿಲ್ಲು ಬಾಣವನ್ನೂ ಹೆಸರು ಹಿಡಿದೇ ಹೇಳಿದೆ. ಕೊಂದರೆ ಮಾತ್ರ ಬೇಟೆ ಎಂದೂ ತಿಳಿಯಬೇಡಿ. ಹಳು ನುಗ್ಗಿ ಸೋವುವುದು, ಉರುಳು ಒಡ್ಡುವುದು, ತಿನ್ನಲು ಇಟ್ಟು ಕರೆಯುವುದು, ಇಂಥ ಪ್ರಯತ್ನ ಮಾಡಿ ಬರಿಗೈಲಿ ಬರುವುದು, ಎಲ್ಲವೂ ಕಾನೂನಿನ ಕಣ್ಣಿಗೆ ಬೇಟೆಯೇ. 2022ರಲ್ಲಿ ತಿದ್ದುಪಡಿಯಾದ ಈ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಡುಹಂದಿ ಅದರ ಎರಡನೇ ಅನುಸೂಚಿಯಲ್ಲಿದೆ. ಅಪ್ಪಣೆಯಿಲ್ಲದೆ ಹೊಡೆದವರಿಗೆ 3 ವರ್ಷದವರೆಗೆ ಸಜೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬಿಲ್ಲಿಗೆ ಸದ್ದಿಲ್ಲ ನಿಜ, ಕೇಸಿಗೆ ಸದ್ದಿರುತ್ತದೆ.

ಎರಡನೆಯದು ಅಮೆರಿಕ. ಅಲ್ಲಿನ ಹಂದಿ ಆ ನೆಲದ್ದಲ್ಲ. ಸ್ಪೇನಿನವರು ಹಡಗಿನಲ್ಲಿ ತಂದ ಊರುಹಂದಿ ಕಾಡು ಸೇರಿತು. ಆಮೇಲೆ ಶಿಕಾರಿಯ ಆಸೆಗೆ ಯುರೋಪಿನ ಕಾಡುಹಂದಿಯನ್ನೂ ತಂದು ಬಿಟ್ಟರು. ಎರಡೂ ಬೆರೆತು ಮಿತಿಮೀರಿದವು. ಟೆಕ್ಸಾಸ್ ರಾಜ್ಯವೊಂದರಲ್ಲೇ 20 ಲಕ್ಷಕ್ಕೂ ಮೇಲೆ ಇವೆಯೆಂದು ಅಲ್ಲಿನವರ ಅಂದಾಜು. ಅದಕ್ಕೇ ಅಲ್ಲಿ ಹಂದಿ ಹೊಡೆಯಲು ಋತುವಿಲ್ಲ, ಲೆಕ್ಕವಿಲ್ಲ. 2011ರಲ್ಲಿ ಹೆಲಿಕಾಪ್ಟರಿನಿಂದ ಹೊಡೆಯಲು ಬಾಗಿಲು ತೆರೆದರು. 2019ರಿಂದ ಜಮೀನಿನವನು ಒಪ್ಪಿದರೆ ಬೇಟೆಯ ಲೈಸೆನ್ಸೂ ಬೇಡ ಎಂದರು. ಆದರೂ ಹಂದಿ ಮುಗಿದಿಲ್ಲ! ಇನ್ನೂ ಒಂದು ಸಂಗತಿ ನಮ್ಮ ಹುಡುಗರ ಮೊಬೈಲಿನಲ್ಲಿ ಬರುವುದಿಲ್ಲ. ಅದೇ ದೇಶದ ಮಿಸೌರಿ ರಾಜ್ಯದ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ಕಾಡುಗಳಲ್ಲಿ ಹಂದಿ ಬೇಟೆಯನ್ನೇ ನಿಷೇಧಿಸಿತು. ಹಂದಿಯ ಮೇಲಿನ ಪ್ರೀತಿಗಲ್ಲ. ಬೇಟೆಗಾರರು ಒಂದು ಹೊಡೆದರೆ ಹಿಂಡು ನಾಲ್ಕು ದಿಕ್ಕಿಗೆ ಚದುರುತ್ತದೆ; ಇಡೀ ಹಿಂಡನ್ನು ದೊಡ್ಡಿಯಲ್ಲಿ ಕೂಡಿಹಾಕಿ ಹಿಡಿಯುವ ಇಲಾಖೆಯ ಕೆಲಸ ಕೆಡುತ್ತದೆ ಎಂದು.

ನಮ್ಮ ಹಂದಿಯಾದರೋ ಈ ಮಣ್ಣಿನದೇ. ಹುಲಿ, ಚಿರತೆ, ಸೀಳುನಾಯಿಗಳ ಊಟ ಅದು.

ಮೂರನೆಯದು ಉಪಕಾರದ ಮಾತು. ಗುಂಡಿನಂತೆ ಬಾಣ ಪ್ರಾಣಿಯನ್ನು ನಿಂತಲ್ಲೇ ಕೆಡವುವುದು ಅಪರೂಪ. ರಕ್ತ ಸುರಿಸಿ ಕೊಲ್ಲುತ್ತದೆ. ಸರಿಯಾಗಿ ನಾಟಲು ಇಪ್ಪತ್ತು ಮೂವತ್ತು ಗಜದೊಳಗೆ ಹಂದಿ ಬರಬೇಕು. ಬಲಿತ ಗಂಡಿನ ಭುಜದ ಮೇಲೆ ದಪ್ಪ ತೊಗಲಿನ ಗುರಾಣಿಯೇ ಇರುತ್ತದೆ. ನಾಟಿದರೂ ಅದು ಓಡುತ್ತದೆ. ರಕ್ತದ ಜಾಡು ಹಿಡಿದು ತಾಳ್ಮೆಯಿಂದ ಹುಡುಕಬೇಕು. ನಮ್ಮ ಬಿಲ್ಲುಗಾರರಿಗೆ ತಾಳ್ಮೆ ಎಲ್ಲಿದೆ? ಸೋಮವಾರ ಆಫೀಸಿದೆ. ಅವರು ಜೀಪು ಹತ್ತುತ್ತಾರೆ. ಬಾಣ ಹೊತ್ತ ಒಂಟಿಗ ಲಂಟಾನದ ಪೊದೆಯಲ್ಲಿ ಮಲಗಿರುತ್ತದೆ. ಬೆಳಿಗ್ಗೆ ಸೊಪ್ಪಿಗೋ ಸೌದೆಗೋ ಆ ಪೊದೆಯ ಹತ್ತಿರ ಹೋಗುವವಳು ಕೂಲಿ ಹೆಂಗಸು. ಗಾಯಗೊಂಡ ಹಂದಿಯ ಕೋರೆ ಅವಳ ತೊಡೆ ಸೀಳಿದರೆ ಆ ಉಪಕಾರವನ್ನು ಯಾರ ಲೆಕ್ಕಕ್ಕೆ ಬರೆಯೋಣ?

ಹಂದಿ ಬೇಟೆ ಈ ನಾಡಿಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆಯಿದೆ. ಮಲೆನಾಡಿನ ಹಿರಿಯರು ಕೋವಿ ಹಿಡಿದು ಕಾದು ಕೂರುತ್ತಿದ್ದ ಜಾಗಕ್ಕೂ ಬಿಲ್ಲು ಅಂತಲೇ ಹೆಸರು. ಆ ಶಿಕಾರಿಗೊಂದು ಕಟ್ಟುಪಾಡಿತ್ತು. ಯಾರು ಹಳುವಿಗೆ, ಯಾರು ಬಿಲ್ಲಿಗೆ ಎಂದು ಮೊದಲೇ ತೀರ್ಮಾನವಾಗುತ್ತಿತ್ತು. ಹಾಗಿದ್ದೂ ಹಂದಿಯೆಂದು ಮನುಷ್ಯನಿಗೆ ಗುಂಡು ಹಾರಿಸಿದ ದುರಂತಗಳು ಮಲೆನಾಡಿಗೂ ಕೊಡಗಿಗೂ ಗೊತ್ತು. ಜಾಗದ ಪರಿಚಯವೇ ಇಲ್ಲದ ಆರು ಜನ ಮುಂಜಾನೆಯ ಮಂಜಿನಲ್ಲಿ ಪೊದೆ ಅಲುಗಿದ ಕಡೆಗೆಲ್ಲ ಬಾಣ ಬಿಟ್ಟರೆ ಏನಾದೀತು?

ಇಷ್ಟು ಹೇಳಿ ಕೈತೊಳೆದುಕೊಂಡರೆ ನಾವೂ ಪೇಟೆಯವರೇ ಆದೆವು. ರೈತನ ಪಾಡೇನು? ತೆನೆ ಬಂದ ಗದ್ದೆಗೆ ಒಂದು ಹಿಂಡು ನುಗ್ಗಿದರೆ ಬೆಳಗಾಗುವುದರೊಳಗೆ ಅರ್ಧ ಗದ್ದೆ ಹಾಸಿಗೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಶುಂಠಿ, ಜೋಳ, ಬಾಳೆ, ಗೆಡ್ಡೆ ಗೆಣಸು ಯಾವುದನ್ನೂ ಬಿಡುವುದಿಲ್ಲ. ಎರೆಹುಳಕ್ಕಾಗಿ ಗದ್ದೆಯ ಅಂಚನ್ನೇ ಉತ್ತು ಹಾಕುತ್ತದೆ. ಹೆಣ್ಣು ಹಂದಿ ನಾಲ್ಕು ತಿಂಗಳು ತುಂಬುವ ಮೊದಲೇ ಈಯುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ರೈತ ಮಾಳದಲ್ಲಿ ಕೂತು ತಗಡಿನ ಡಬ್ಬ ಬಡಿಯುತ್ತ ಎಷ್ಟು ರಾತ್ರಿ ನಿದ್ದೆಗೆಟ್ಟಾನು? ಕೊನೆಗೆ ಬೇಲಿಗೆ ಉರುಳು ಕಟ್ಟುತ್ತಾನೆ, ಚಿರತೆ ಸಿಕ್ಕಿ ಸಾಯುತ್ತದೆ. ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುತ್ತಾನೆ, ಪಕ್ಕದ ಮನೆಯವನೋ ತನ್ನ ದನವೋ ಸಾಯುತ್ತದೆ. ಜೈಲಿಗೆ ಹೋಗುವವನು ಅವನೇ, ಜೀಪಿನವರಲ್ಲ.

ಕಾನೂನಿನಲ್ಲಿ ದಾರಿ ಇಲ್ಲವೆ? ಇದೆ. ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ ಮನುಷ್ಯರ ಜೀವಕ್ಕೋ ನಿಂತ ಬೆಳೆಗೋ ಅಪಾಯ ತರುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಅಪ್ಪಣೆ ಕೊಡಬಹುದು. 2022ರಲ್ಲಿ ಕೇರಳ ಸರ್ಕಾರ ಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರವರೆಗೆ ಇಳಿಸಿತು. ಬಿಹಾರದ ಕೆಲವು ಜಿಲ್ಲೆಗಳಲ್ಲಿ 2015ರ ಕೊನೆಯಲ್ಲಿ, ಉತ್ತರಾಖಂಡದ ಕೆಲವೆಡೆ 2016ರಲ್ಲಿ ಕೇಂದ್ರ ಸರ್ಕಾರವೇ ಒಂದು ವರ್ಷದ ಮಟ್ಟಿಗೆ ಹಂದಿಯನ್ನು ಪೀಡೆಯೆಂದು ಸಾರಿತ್ತು. ಅವೆಲ್ಲ ನಮಗೆ ಹೊಂದುತ್ತವೆ ಎಂದು ನಾವು ಹೇಳುತ್ತಿಲ್ಲ. ಆದರೆ ಬೆಳೆ ಹೋದವನ ಅರ್ಜಿಗೆ ಕೊಯ್ಲು ಮುಗಿಯುವುದರೊಳಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರಬೇಕು ಎನ್ನುವುದು ದೊಡ್ಡ ಬೇಡಿಕೆಯೇ?

ಜಿಲ್ಲಾಡಳಿತಕ್ಕೆ ನಮ್ಮ ಮಾತು ಇಷ್ಟು. ಪೈರು ತೆನೆಯಾಗುವ ಮೊದಲೇ ಪಂಚಾಯ್ತಿಗೊಂದು ಸಭೆ ಕರೆಯಿರಿ. ಅರಣ್ಯದವರು, ಕೃಷಿಯವರು ಒಂದೇ ಮೇಜಿಗೆ ಬರಲಿ. ಒಬ್ಬೊಬ್ಬರ ಬೇಲಿಗಿಂತ ಇಡೀ ಬಯಲಿಗೆ ಒಂದೇ ಸೋಲಾರ್ ಬೇಲಿ ಹಾಕಲು ನೆರವು ಕೊಡಿ. ಒಬ್ಬನ ಗದ್ದೆಯಿಂದ ಓಡಿಸಿದ ಹಂದಿ ಪಕ್ಕದವನ ಗದ್ದೆಗೆ ಹೋಗುವುದು ಆಗಲಾದರೂ ತಪ್ಪೀತು. ಪರಿಹಾರದ ಅರ್ಜಿ ಹಾಕಲು ರೈತ ದಿನಗೂಲಿ ಬಿಟ್ಟು ಅಲೆಯುವುದು ನಿಲ್ಲಲಿ. ಉರುಳು ಹುಡುಕುವ ಗಸ್ತು ಬೆಳೆ ನಿಂತ ಕಾಲದಲ್ಲಿ ನಡೆಯಲಿ. ಶನಿವಾರ ಸಂಜೆ ಚೆಕ್‌ಪೋಸ್ಟಿನಲ್ಲಿ ಕಾಳುಮೆಣಸಿನ ಚೀಲ ತಡಕುವ ಕೈ ಜೀಪಿನ ಹಿಂದಿನ ಸೀಟಿನ ಉದ್ದ ಪೆಟ್ಟಿಗೆಯನ್ನೂ ಒಮ್ಮೆ ತೆರೆಯಲಿ. ತೋಟದ ಮನೆ ಬಾಡಿಗೆಗೆ ಕೊಡುವ ಯಜಮಾನರೇ, ಮಾಂಸ ಹಂಚಿಕೊಂಡ ಮೇಲೆ ಕೇಸಿನಲ್ಲೂ ಪಾಲು ಬರುತ್ತದೆ ಎಂಬುದು ನಿಮಗೂ ಗೊತ್ತಿರಲಿ.

ಕಿರಾತಾರ್ಜುನ ಪ್ರಸಂಗದಲ್ಲಿ ಒಂದೇ ಹಂದಿಗೆ ಇಬ್ಬರು ಬಾಣ ಬಿಟ್ಟು ‘ನಂದು, ನಂದು’ ಅಂತ ಜಗಳ ಕಾಯುತ್ತಾರೆ. ನಮ್ಮಲ್ಲಿ ಗದ್ದೆ ಹಾಳಾದಾಗ ಹಂದಿ ‘ನಂದಲ್ಲ, ನಂದಲ್ಲ’ ಎನ್ನುವ ಇಲಾಖೆಗಳೇ ಹೆಚ್ಚು. ಯಾರಾದರೊಬ್ಬರು ಅದನ್ನು ತಮ್ಮ ಕೆಲಸ ಅಂತ ಒಪ್ಪಿಕೊಳ್ಳುವ ತನಕ ಬೇಲಿಗೆ ಉರುಳು ಬೀಳುವುದೂ ತಪ್ಪದು, ಭಾನುವಾರದ ಬಿಲ್ಲುಗಾರರ ಉಪಕಾರವೂ ತಪ್ಪದು.